ಒಂದು ಹಿಡಿ ಯೂರಿಯಾ

ಬಲಗಡೆಯ ಜಡೆ ಮುಗಿದು ಎಡಗಡೆಯದು ಅರ್ಧಕ್ಕೆ ಬಂದಿತ್ತು. ಕೆಂಪು ಟೇಪನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ ಅರುಂಧತಿಯ ಬಾಯಲ್ಲಿ ಮಾತಿರಲಿಲ್ಲ. ಎದುರಿಗೆ ಮಣೆಯ ಮೇಲೆ ಕೂತಿದ್ದ ಮಗಳು ಸಂಘಮಿತ್ರ, ನಾಲ್ಕನೇ ಕ್ಲಾಸಿನ ಹುಡುಗಿ, ಮೂರು ವಾರದಿಂದ ಮನೆಯಲ್ಲೂ ಸರಿಯಾಗಿ ಬಾಯಿ ಬಿಡದವಳು, ಆವತ್ತು ತಾನಾಗಿಯೇ "ಅಮ್ಮ, ಒಂದು ಕೇಳ್ಲಾ" ಅಂದಳು.

ಅಷ್ಟರಲ್ಲಿ ಬೀದಿಯ ಕೊನೆಯಲ್ಲಿದ್ದ ಸಮುದಾಯ ಭವನದ ಮಹಡಿಯಿಂದ ಮಹಿಳಾ ಸಂಘದ ಮಂಚಮ್ಮನ ಕೂಗು ಕೇಳಿಸಿತು. "ಅರುಂಧತೀ, ಬಿರ್‍ರನೆ ಬಾರವ್ವ. ಬೆಳೆ ನೋಡ್ಬಾ."

ಟೇಪು ಬಾಯಿಂದ ಜಾರಿತು. "ಆಮೇಲೆ ಕೇಳು ಮಗ" ಅಂತ ಅರ್ಧ ಜಡೆಗೆ ಒಂದು ಗಂಟು ಬಿಗಿದು ಅರುಂಧತಿ ಎದ್ದು ಓಡಿದಳು. ಹುಡುಗಿ ಬಿದ್ದ ಟೇಪನ್ನು ಎತ್ತಿಕೊಂಡು, ಮಾತನ್ನು ಮತ್ತೆ ನುಂಗಿಕೊಂಡಳು.

ಮಹಡಿಯ ಮೇಲೆ ಹದಿನೆಂಟು ತೊಟ್ಟಿಗಳಿದ್ದವು. ನೀಲಿ ಡ್ರಮ್ಮುಗಳನ್ನು ಉದ್ದಕ್ಕೆ ಸೀಳಿ, ಮದ್ದೂರಿನ ಎಳನೀರು ಮಾರ್ಕೆಟ್ಟಿನ ಹಿಂದಿನ ಮಿಲ್ಲಿನಿಂದ ತಂದ ತೆಂಗಿನ ನಾರಿನ ಪುಡಿ ತುಂಬಿ, ಮೇಲೆ ಕಪ್ಪು ಟಾರ್ಪಾಲು ಹೊದಿಸಿ, ಅದರ ತೂತುಗಳಲ್ಲಿ ಆಲೂಗಡ್ಡೆ ಬೆಳೆಸಿದ್ದರು. ಮಣ್ಣು ಹಿಡಿಯಷ್ಟೂ ಇರಲಿಲ್ಲ. ಮೂಲೆಯ ಟ್ಯಾಂಕಿನಲ್ಲಿ ಗೊಬ್ಬರದ ಉಪ್ಪುಗಳನ್ನು ಕರಗಿಸಿದ ನೀರು, ಅದರಿಂದ ಸಣ್ಣ ಪೈಪುಗಳು, ದಿನಕ್ಕೆ ಆರು ಸಲ ತೊಟ್ಟಿಗಳಿಗೆ ಹನಿ. ತರಬೇತಿಯಲ್ಲಿ ಹೇಳಿಕೊಟ್ಟ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹೊರಳದೆ ಸಂಘದ ಹೆಂಗಸರು ಅದನ್ನು ನೀರ್‌ಬೆಳೆ ಅನ್ನುತ್ತಿದ್ದರು. ಹನ್ನೊಂದು ಹೆಂಗಸರ ಸಂಘ, ಒಬ್ಬರಿಗೂ ಒಂದು ಗುಂಟೆ ಜಮೀನಿಲ್ಲ. ಅದಕ್ಕೇ ಮಹಡಿ ಹತ್ತಿದ್ದು.

"ನೋಡು ಎಂಗೆ ತಿರ್‍ಗ್‌ಕಂಡದೆ" ಅಂತ ಮಂಚಮ್ಮ ಸೊಪ್ಪು ಸವರಿದಳು. "ಮೊನ್ನೆಗಂಟ ಕಾಮಾಲೆ ಬಂದಂಗಿತ್ತು. ಈಗ ಕಣ್ಣಿಗೆ ತಂಪಾಯ್ತದೆ."

ಸೊಪ್ಪು ಕಪ್ಪೆನ್ನುವಷ್ಟು ಹಸಿರಾಗಿತ್ತು. ಕಾಂಡ ಕೊಬ್ಬಿ, ತುದಿಗಳು ಎಳಸಾಗಿ ಮೇಲೆದ್ದಿದ್ದವು. ನೋಡಿದವರೆಲ್ಲ ಖುಷಿಪಡುವ ಬೆಳೆ. ಅರುಂಧತಿ ಮಾತ್ರ ಖುಷಿಪಡಲಿಲ್ಲ.

ಯಾಕೆಂದರೆ ಹತ್ತು ದಿನದ ಕೆಳಗೆ ಅವಳೇ ಸೊಪ್ಪಿನ ಆಹಾರವನ್ನು ಅರ್ಧಕ್ಕೆ ಇಳಿಸಿದ್ದಳು. ಆಲೂಗಡ್ಡೆಗೆ ಮೊದಲ ನಲವತ್ತು ದಿನ ಸಾರಜನಕ ಬೇಕು, ಎಲೆ ಬರಲಿ ಅಂತ. ಆಮೇಲೆ ಅದನ್ನು ಇಳಿಸಿ ಪೊಟ್ಯಾಷ್ ಏರಿಸಬೇಕು, ಆಗ ಗಿಡ ಮೇಲಕ್ಕೆ ಬೆಳೆಯುವುದು ಬಿಟ್ಟು ಕೆಳಗೆ ಗೆಡ್ಡೆ ಕಟ್ಟಲು ಶುರುಮಾಡುತ್ತದೆ. ಸಂಘದವರಿಗೆ ಅವಳು ಇದನ್ನು ಹೇಳಿಕೊಟ್ಟಿದ್ದು ಬೇರೆ ಥರ. ಎದೆಗೆ ಬೇವು ಹಚ್ಚಿಕೊಂಡು ಮಗುವಿಗೆ ಹಾಲು ಬಿಡಿಸುವುದಿಲ್ಲವೇ, ಬಿಡಿಸದೆ ಹೋದರೆ ಅದು ಮುದ್ದೆ ಮುಟ್ಟುತ್ತದೆಯೇ, ಇದೂ ಹಾಗೆ, ಎರಡು ದಿನ ಅಳುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ, ತಡೆದುಕೊಳ್ಳಬೇಕು ಅಂದಿದ್ದಳು. ಗೊಬ್ಬರದ ಎರಡು ಕ್ಯಾನುಗಳ ವಿಷಯವನ್ನೂ ಹಾಗೇ ಹೇಳಿದ್ದಳು. ಒಂದರಲ್ಲಿ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಮಿಕ್ಕಿದ್ದೆಲ್ಲ. ಟ್ಯಾಂಕಿನ ನೀರಲ್ಲಿ ತಿಳಿಮಾಡದೆ ಎರಡನ್ನೂ ಗಟ್ಟಿಯಾಗೇ ಬೆರೆಸಿದರೆ ಒಡೆದ ಹಾಲಿನ ಹಾಗೆ ಬಿಳಿ ಗಸಿ ಕೂತು ಯಾವುದೂ ಬೇರಿಗೆ ಸಿಗುವುದಿಲ್ಲ. ಅವತ್ತಿನಿಂದ ಮಂಚಮ್ಮ ಆ ಕ್ಯಾನುಗಳನ್ನು ಹಿರೀ ಸವತಿ, ಕಿರೀ ಸವತಿ ಅಂತಲೇ ಕರೆಯುತ್ತಿದ್ದಳು.

ಅರುಂಧತಿ ಪೆನ್ನಿನಂಥ ಮೀಟರನ್ನು ಟ್ಯಾಂಕಿಗೆ ಅದ್ದಿದಳು. ನೀರಲ್ಲಿ ಎಷ್ಟು ಉಪ್ಪು ಕರಗಿದೆ ಅಂತ ಹೇಳುವ ಮೀಟರು. ಒಂದು ಪಾಯಿಂಟ್ ಎಂಟು. ನಿನ್ನೆಯೂ ಅಷ್ಟೇ, ವಾರದಿಂದಲೂ ಅಷ್ಟೇ. ಹೆಚ್ಚಿಲ್ಲ, ಕಡಿಮೆಯಿಲ್ಲ. ಲೆಕ್ಕ ಸರಿಯಾಗಿದ್ದು ಗಿಡ ತಪ್ಪಾಗಿತ್ತು.

ಕಾಯುವುದಕ್ಕೆ ಸಮಯವೂ ಇರಲಿಲ್ಲ. ಅವತ್ತು ಡಿಸೆಂಬರ್ ಇಪ್ಪತ್ತು. ಪಂಚಾಯ್ತಿ ಮೆಂಬರ್ ಚಲುವರಾಜು ಭವನದ ಮಹಡಿಯನ್ನು ಮೊಬೈಲ್ ಟವರಿನವರಿಗೆ ಕೊಡಬೇಕು ಅಂತ ಪಟ್ಟು ಹಿಡಿದಿದ್ದ. ಹೆಂಗಸರು ಬಿಡದೆ ಹೋದಾಗ, ಜನವರಿ ಇಪ್ಪತ್ತಾರರ ಗ್ರಾಮಸಭೆಗೆ ಮುಷ್ಟಿಗಾತ್ರದ ಗೆಡ್ಡೆ ತೋರಿಸಿ, ತೋರಿಸಿದರೆ ಮಹಡಿ ನಿಮ್ಮದು, ಇಲ್ಲದಿದ್ದರೆ ಡ್ರಮ್ಮು ಇಳಿಸಿಕೊಂಡು ಹೋಗಿ ಅಂತ ಎಲ್ಲರೆದುರು ಹೇಳಿದ್ದ. ಮಣ್ಣೇ ಇಲ್ಲದೋರು ಅದೇನ್ ಬೆಳೆದಾರು ನೋಡ್ಮ ಅಂತ ಸೇರಿಸಿದ್ದ. ಆಗ ಅರುಂಧತಿ, ನೋಡೋದಕ್ಕೆ ನೀವು ಬರಲೇಬೇಕು ಅಂತ ಹೇಳಿ ಬಂದಿದ್ದಳು.

ಅವಳಿಗೆ ಕೆಲಸ ಭಾರತೀನಗರದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ. ಬೀಕರು ತೊಳೆಯುವುದು, ಹುಡುಗರಿಗೆ ಉಪ್ಪು ತೂಗಿಕೊಡುವುದು. ಗಂಡ ಅಶೋಕ್ ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ, ಶಿಫ್ಟಿನ ಮೇಲೆ ಬಂದುಹೋಗುವವನು. ಹನ್ನೊಂದು ವರ್ಷ ಬೀಕರು ತೊಳೆದದ್ದಕ್ಕೆ ಅವಳಿಗೆ ಗ್ರಾಂ ಲೆಕ್ಕ ಕೈಗೇ ಬಂದುಬಿಟ್ಟಿತ್ತು. ಆವತ್ತು ಮಧ್ಯಾಹ್ನ ಲ್ಯಾಬು ಖಾಲಿಯಾದ ಮೇಲೆ ಜಯಪ್ರಕಾಶ್ ಮೇಷ್ಟ್ರ ಮುಂದೆ ನಿಂತು ಎಲ್ಲ ಹೇಳಿದಳು. ಮೇಷ್ಟ್ರು ಎರಡು ಲೋಟ ಶುದ್ಧ ನೀರು ತಂದಿಟ್ಟರು. ಒಂದಕ್ಕೆ ಒಂದು ಚಿಟಿಕೆ ಅಡಿಗೆ ಉಪ್ಪು ಹಾಕಿ ಮೀಟರ್ ಅದ್ದಿದರು, ಅಂಕಿ ಸರ್ರನೆ ಏರಿತು. ಇನ್ನೊಂದಕ್ಕೆ ಕಪಾಟಿನಿಂದ ಯೂರಿಯಾ ತೆಗೆದು ಒಂದು ಚಮಚವೇ ಹಾಕಿ ಕರಗಿಸಿ ಅದ್ದಿದರು. ಅಂಕಿ ಕದಲಲಿಲ್ಲ.

"ಯೂರಿಯಾ ಈ ಮೀಟರಿಗೆ ಕಾಣಲ್ಲಮ್ಮ" ಅಂದರು. "ನಿಮ್ಮ ಟ್ಯಾಂಕಿಗೆ ಯಾರೋ ಹಾಕ್ತಿದಾರೆ."

ಬಸ್ಸಿನಲ್ಲಿ ಬರುವಾಗ ಅವಳ ತಲೆಯಲ್ಲಿ ಒಂದೇ ಮುಖ ಇತ್ತು, ಚಲುವರಾಜುವಿನದು. ಕಬ್ಬಿನ ಲಾರಿಗಳ ಹಿಂದೆ ಬಸ್ಸು ತೆವಳುತ್ತಿತ್ತು, ಸಿಟ್ಟು ಮಾತ್ರ ಮುಂದೆ ಓಡುತ್ತಿತ್ತು. ಸೊಪ್ಪು ಹೀಗೇ ಕೊಬ್ಬಿದರೆ ಇಪ್ಪತ್ತಾರಕ್ಕೆ ಟಾರ್ಪಾಲಿನ ಕೆಳಗೆ ಗೋಲಿಯಷ್ಟು ಗೆಡ್ಡೆಯೂ ಇರುವುದಿಲ್ಲ ಅಂತ ಗೊತ್ತಿರುವವನೇ ಈ ಕೆಲಸ ಮಾಡಿರಬೇಕು.

ಸಂಜೆ ಸಂಘದವರನ್ನೆಲ್ಲ ಮಹಡಿಗೆ ಕರೆದು ವಿಷಯ ಹೇಳಿದಳು. ಹೆಂಗಸರು ಚಲುವರಾಜುವಿನ ವಂಶವನ್ನೆಲ್ಲ ಎಳೆದು ಬೈದರು. ಒಬ್ಬಳು ಪೊಲೀಸರಿಗೆ ಹೇಳಬೇಕು ಅಂದಳು, ಇನ್ನೊಬ್ಬಳು ಅವನ ಮನೆ ಮುಂದೆ ಹೋಗಿ ಕೂರೋಣ ಅಂದಳು. ಮಂಚಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇ ಬಿಟ್ಟಿದ್ದಳು. ಆಗ ಮೆಟ್ಟಿಲ ಬಾಯಲ್ಲಿ ಕೆಮ್ಮು ಕೇಳಿಸಿತು. ಅರುಂಧತಿಯ ಮಾವ ಮರಿಸಿದ್ದಯ್ಯ ಟವಲನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದ.

"ಅವ್ರನ್ನ ಬಯ್ಬೇಡಿ ಕಣ್ರವ್ವ. ಆಕ್ದೋನು ನಾನು."

ಮಂಚಮ್ಮ ಸಿಕ್ಕಿಸಿದ್ದ ಸೆರಗನ್ನು ಬಿಟ್ಟಳು. ಅವನು ತಾನೇ ಮುಂದುವರಿಸಿದ. "ಸೊಪ್ಪು ಅಳದಿ ಆಗಿತ್ತು. ಮಕ್ಳು ಸೊರಗ್ದಂಗೆ ಕಾಣ್ತಿತ್ತು. ನೋಡ್ಲಾರ್ದೆ ದಿನಾ ಒತ್ತಾರೆ ಒಂದ್ ಇಡಿ ಯೂರಿಯಾ ಕದಡ್ದೆ. ನಮ್ ಗದ್ದೇಲಿ ಪೈರು ಬೆಳ್ಳಗಾದ್ರೆ ಅಂಗೇ ಮಾಡದು."

ನಮ್ ಗದ್ದೆ ಅಂದರೆ ಚಲುವರಾಜುವಿನ ಗದ್ದೆ. ನಾಲೆ ಪಕ್ಕದ ನಾಲ್ಕು ಎಕರೆ. ಮರಿಸಿದ್ದಯ್ಯ ಹುಡುಗನಾಗಿದ್ದಾಗಿನಿಂದ, ಚಲುವರಾಜುವಿನ ಅಪ್ಪನ ಕಾಲದಿಂದ, ಆ ಗದ್ದೆಗೆ ನೀರು ಕಟ್ಟಿದವನು, ಕಬ್ಬು ಸುಲಿದವನು, ಮಂಕರಿ ಸೊಂಟಕ್ಕಿಟ್ಟುಕೊಂಡು ಸೀಮೆಗೊಬ್ಬರ ಎರಚಿದವನು. ಐವತ್ತು ವರ್ಷ. ನಮ್ ಗದ್ದೆಗೆ ನೀರು ಬಂತು, ನಮ್ ಗದ್ದೆ ಕಬ್ಬು ಫ್ಯಾಕ್ಟರಿಗೆ ಹೋಯ್ತು ಅಂತಲೇ ಅವನ ಮಾತು. ಊರಲ್ಲಿ ಕೂಲಿ ಹೋಗುವ ಮುದುಕರೆಲ್ಲ ಹಾಗೇ ಮಾತಾಡುವುದು, ಯಾರೂ ಅದನ್ನು ಎತ್ತಿ ಕೇಳಿದವರಲ್ಲ.

ಅರುಂಧತಿಗೆ ಮೊದಲು ಬಂದದ್ದು ಅಳು. ಅದನ್ನು ಒಳಗೇ ಇಟ್ಟುಕೊಂಡು ಟ್ಯಾಂಕಿನ ಬಳಿ ಹೋಗಿ ಕೆಳಗಿನ ಬೂಚು ಕಿತ್ತಳು. ಐನೂರು ಲೀಟರ್ ನೀರು ಮೋರಿಗೆ ಹರಿಯಿತು. ಹಿಂಗಾರಿನಲ್ಲಿ ಅದೇ ಮಹಡಿಯಿಂದ ಹಿಡಿದಿಟ್ಟ ಮಳೆನೀರು ಅದು. ಬೋರಿನ ನೀರಲ್ಲಿ ಮೊದಲೇ ಅಷ್ಟು ಸುಣ್ಣ ಇದ್ದದ್ದರಿಂದ ಮಳೆನೀರನ್ನು ತುಪ್ಪದ ಹಾಗೆ ಕೂಡಿಟ್ಟಿದ್ದರು. ಉಳಿದಿದ್ದ ಇನ್ನೊಂದು ಟ್ಯಾಂಕಿನಿಂದ ಬಕೆಟ್ಟು ಬಕೆಟ್ಟಾಗಿ ಮೊಗೆದು ತೊಟ್ಟಿಗಳ ನಾರನ್ನು ತೊಳೆಯಬೇಕಾಯಿತು. ಹೆಂಗಸರಲ್ಲಿ ಗೊಣಗಾಟ ಎದ್ದಿತು. ಇಷ್ಟು ಚೆಂದ ಬಂದ ಬೆಳೆಯನ್ನು ಮತ್ತೆ ಹಳದಿ ಮಾಡಬೇಕಾ, ಹಸಿರಾಗಿದ್ದರೆ ಗ್ರಾಮಸಭೆಯಲ್ಲಿ ನೋಡುವುದಕ್ಕಾದರೂ ಆಗುತ್ತದೆ, ಹಳದಿ ಗಿಡ ತೋರಿಸಿ ಮಾನ ಕಳೆದುಕೊಳ್ಳುವುದಾ ಅಂತ ಇಬ್ಬರು ಕೇಳಿದರು.

"ಅವರು ನೋಡೋದು ಸೊಪ್ಪು" ಅಂದಳು ಅರುಂಧತಿ. "ನಾವು ಬೆಳೀತಿರೋದು ಗೆಡ್ಡೆ. ಹಳದಿ ಆಗ್ಲಿ. ನಾನು ನಿಂತ್ಕತೀನಿ."

ಕೆಲಸ ಮುಗಿದಾಗ ಮರಿಸಿದ್ದಯ್ಯ ಇನ್ನೂ ಮೆಟ್ಟಿಲ ಮೇಲೆ ಕೂತಿದ್ದ. ಅರುಂಧತಿ ಕೊನೆಯ ತೊಟ್ಟಿಯ ಪೈಪನ್ನು ಕಿತ್ತು, ತುದಿಗೆ ಮುಚ್ಚಳ ಹಾಕಿ, ಮಾವನನ್ನು ಹತ್ತಿರ ಕರೆದಳು. ಈ ತೊಟ್ಟಿಯನ್ನು ತೊಳೆದಿಲ್ಲ, ಇದು ಇನ್ನು ನಿಮ್ಮದು, ಚೆಂಬಿನಲ್ಲಿ ನೀವೇ ನೀರು ಹಾಕಿ, ನಿಮ್ಮ ಗದ್ದೆಯ ಲೆಕ್ಕದಲ್ಲಿ ಯೂರಿಯಾನೂ ಹಾಕಿ, ಯಾರೂ ಕೇಳುವುದಿಲ್ಲ, ಮಿಕ್ಕ ಹದಿನೇಳನ್ನು ಮಾತ್ರ ಮುಟ್ಟಬೇಡಿ ಅಂದಳು. ಮರಿಸಿದ್ದಯ್ಯ ತೊಟ್ಟಿಯ ಅಂಚಿನ ಮೇಲೆ ಕೈ ಇಟ್ಟ.

"ನಂದೇಯಾ" ಅಂತ ಕೇಳಿದ.

"ನಿಮ್ದೇ ಮಾವ."

ಅವತ್ತಿನಿಂದ ಮುದುಕ ದಿನಾ ಬೆಳಗ್ಗೆ ಮುಖ ತೊಳೆದ ಮೇಲೆ ಮೊದಲು ಮಹಡಿ ಹತ್ತುತ್ತಿದ್ದ.

ಅದೇ ವಾರ ಮಗಳ ಟೀಚರ್ ವೀಣ ಬಸ್‌ಸ್ಟಾಪಿನಲ್ಲಿ ಸಿಕ್ಕಿದರು. ಹೇಳಲೋ ಬೇಡವೋ ಅಂತ ಸ್ವಲ್ಪ ಹೊತ್ತು ಬ್ಯಾಗಿನ ಜಿಪ್ಪು ಎಳೆದಾಡಿದರು. ಕ್ಲಾಸಿನಲ್ಲಿ ನಮ್ಮ ಊರಿನ ಬೆಳೆ ಅನ್ನುವ ಪಾಠ ನಡೆಯುತ್ತಿದ್ದಾಗ, ಯಾರ ಮನೆಯಲ್ಲಿ ಏನು ಬೆಳೆಯುತ್ತಾರೆ ಅಂತ ತಾವು ಕೇಳಿದರಂತೆ. ಸಂಘಮಿತ್ರ ಎಲ್ಲರಿಗಿಂತ ಮೊದಲು ಎದ್ದು, ನಮ್ಮ ಗದ್ದೆ ನಾಲೆ ಪಕ್ಕ ಇದೆ, ಕಬ್ಬು ಹಾಕಿದೀವಿ ಅಂದಳಂತೆ. ಚಲುವರಾಜುವಿನ ಮೊಮ್ಮಗಳು ದೀಪಿಕ ಅದೇ ಕ್ಲಾಸು. ಅದು ನಮ್ಮ ತಾತಂದು, ನಿಮ್ಮ ತಾತ ಕೂಲಿಗೆ ಬರೋದು ಅಂದಿತಂತೆ ಆ ಮಗು, ಸಿಟ್ಟಿನಿಂದಲ್ಲ, ತಪ್ಪು ತಿದ್ದುವ ಹಾಗೆ. ಕ್ಲಾಸೆಲ್ಲ ನಕ್ಕಿತು. ಅವತ್ತಿನಿಂದ ಇವಳು ಕೈ ಎತ್ತುವುದನ್ನೇ ಬಿಟ್ಟಿದ್ದಾಳೆ, ನಾನು ಆ ಪ್ರಶ್ನೆಯನ್ನೇ ಕೇಳಬಾರದಿತ್ತು ಅಂತ ವೀಣ ಟೀಚರ್ ಕಣ್ಣು ತಗ್ಗಿಸಿದರು.

ಅರುಂಧತಿಗೆ ಜಡೆಯ ಟೇಪು ನೆನಪಾಯಿತು. ಆಮೇಲೆ ಕೇಳು ಮಗ ಅಂದದ್ದು ನೆನಪಾಯಿತು. ಮನೆಗೆ ಬಂದು ಮಗಳನ್ನು ಹತ್ತಿರ ಕೂರಿಸಿಕೊಂಡು, ಅವತ್ತು ಏನೋ ಕೇಳಬೇಕು ಅಂದೆಯಲ್ಲ ಅಂದಳು. ಏನಿಲ್ಲ ಅಂತ ಹುಡುಗಿ ಕಾಲುಬೆರಳು ನೋಡಿಕೊಂಡಳು. ಅರುಂಧತಿ ಒತ್ತಾಯ ಮಾಡಲಿಲ್ಲ. ಒಳಗೆ ಕಟ್ಟುತ್ತಿರುವುದನ್ನು ಹೊತ್ತಿಗೆ ಮುಂಚೆ ಕಿತ್ತು ನೋಡಬಾರದು ಅನ್ನುವುದನ್ನು ಆ ದಿನಗಳಲ್ಲಿ ಅವಳು ಮಹಡಿಯ ಮೇಲೆ ದಿನಾ ಕಲಿಯುತ್ತಿದ್ದಳು. ಮಗಳನ್ನು ತನ್ನ ಜೊತೆ ಮಹಡಿಗೆ ಕರೆದುಕೊಂಡು ಹೋಗಿ ಮೀಟರ್ ಅದ್ದುವುದನ್ನು ಅವಳಿಗೆ ವಹಿಸಿದಳು. ಸಂಘಮಿತ್ರ ಅಂಕಿ ಓದಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಅಲ್ಲಿಂದ ನಾಲೆಯೂ, ನಾಲೆ ಪಕ್ಕದ ಕಬ್ಬೂ ಕಾಣುತ್ತಿತ್ತು. ಬರೆದಾದ ಮೇಲೆ ಅವಳು ಒಂದು ಗಳಿಗೆ ಅತ್ತಲೇ ನೋಡುತ್ತ ನಿಲ್ಲುತ್ತಿದ್ದಳು.

ಜನವರಿ ಎರಡನೇ ವಾರಕ್ಕೆ ಹದಿನೇಳು ತೊಟ್ಟಿಗಳೂ ಹಳದಿಗೆ ತಿರುಗಿದವು. ಕೆಳಗಿನ ಎಲೆಗಳು ಒಣಗಿ ಉದುರತೊಡಗಿದವು. ಮರಿಸಿದ್ದಯ್ಯನ ತೊಟ್ಟಿ ಮಾತ್ರ ಸೊಂಟದೆತ್ತರ ಬೆಳೆದು ಗಾಳಿಗೆ ತೂಗುತ್ತಿತ್ತು. ಒಂದು ಬೆಳಗ್ಗೆ ಚಲುವರಾಜು ಸ್ಕೂಟರ್ ನಿಲ್ಲಿಸಿ ಮೇಲೆ ಬಂದ. ಸುತ್ತ ನೋಡಿ ಲೊಚಗುಟ್ಟಿದ. "ಏನವ್ವ, ಬೆಳೆಗೇ ತಿಥಿ ಮಾಡ್ತಿದ್ದೀರಾ" ಅಂದ. ಆಮೇಲೆ ಸ್ವಲ್ಪ ಕನಿಕರದಿಂದಲೇ, ಈಗಲೂ ಹಿಡಿಯಷ್ಟು ಯೂರಿಯಾ ಹಾಕಿದರೆ ಮೇಲೇಳುತ್ತದೆ, ಬೇಕಿದ್ದರೆ ನಮ್ಮ ಮನೆಯಲ್ಲಿ ಮೂಟೆ ಇದೆ ಕಳಿಸುತ್ತೇನೆ ಅಂದ. ಬೇಡ ಅಂದಳು ಅರುಂಧತಿ. ಹಾಗಾದರೆ ಒಂದು ಗಿಡ ಕಿತ್ತು ತೋರಿಸು, ಏನಿದೆಯೋ ಇವತ್ತೇ ಗೊತ್ತಾಗಲಿ ಅಂತ ಅವನು ಟಾರ್ಪಾಲಿಗೆ ಕೈ ಹಾಕಿದ.

ಅರುಂಧತಿ ಆ ಟಾರ್ಪಾಲಿನ ಮೇಲೆ ತನ್ನ ಕೈ ಇಟ್ಟಳು. ಒತ್ತಲಿಲ್ಲ, ಸುಮ್ಮನೆ ಇಟ್ಟಳು.

"ಬೆಳಕು ಬಿದ್ರೆ ಗೆಡ್ಡೆ ಹಸಿರಾಗಿ ವಿಷ ಆಗ್ತದೆ" ಅಂದಳು. "ಇಪ್ಪತ್ತಾರು ಅಂತ ದಿನ ಇಟ್ಟೋರು ನೀವು. ಅವತ್ತೇ ಬನ್ನಿ."

ಅವನು ಆ ಕೈಯನ್ನು ನೋಡಿದ, ಅವಳ ಮುಖ ನೋಡಿದ, ತನ್ನ ಕೈ ತೆಗೆದುಕೊಂಡ. ಕೆಳಗೆ ಇಳಿಯುವಾಗ, ಟವರಿನವರಿಗೆ ಇಪ್ಪತ್ತೇಳಕ್ಕೆ ಬರೋಕೆ ಹೇಳ್ತೀನಿ ಅಂತ ಗಟ್ಟಿಯಾಗಿ ಹೇಳಿದ. ಆ ಎರಡು ವಾರ ಅರುಂಧತಿ ಊರಲ್ಲಿ ತಲೆ ತಗ್ಗಿಸಿ ನಡೆಯಲಿಲ್ಲ. ಹಾಲಿನ ಡೈರಿಯ ಮುಂದೆ, ಕಾಮಾಲೆಗೆ ಔಷಧಿ ಕುಡಿಸಿದ್ರಾ ಅಂತ ಯಾರೋ ಕೇಳಿದಾಗ, ಕುಡಿಸಿದ್ದೀವಿ, ಪೊಟ್ಯಾಷ್ ಅಂತ ಅಂದು ಮುಂದೆ ಹೋದಳು.

ಇಪ್ಪತ್ತಾರರ ಬೆಳಗ್ಗೆ ಧ್ವಜಾರೋಹಣ ಮುಗಿಯಿತು. ಮಕ್ಕಳು ಸಂವಿಧಾನದ ಪೀಠಿಕೆ ಓದಿ ಮೈಸೂರುಪಾಕು ತಿಂದರು. ಗ್ರಾಮಸಭೆ ನಡೆಸಲು ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ಮಹಡಿಯ ವಿಷಯ ಬಂದಾಗ ಎಲ್ಲರೂ ಮೇಲೆ ಹತ್ತಿದರು. ಹತ್ತಲಾಗದವರು ಕೆಳಗಿನಿಂದಲೇ ಕತ್ತು ಎತ್ತಿದರು. ಸಂಘಮಿತ್ರ ಯೂನಿಫಾರ್ಮಿನಲ್ಲೇ ಅಮ್ಮನ ಪಕ್ಕ ನಿಂತಿದ್ದಳು.

ಯಾವ ತೊಟ್ಟಿ ಬೇಕೋ ನೀವೇ ಆರಿಸಿ ಅಂತ ಅಧಿಕಾರಿ ಚಲುವರಾಜುವಿಗೆ ಹೇಳಿದರು. ಅವನು ಹದಿನೇಳು ಹಳದಿ ತೊಟ್ಟಿಗಳ ನಡುವೆ ನಡೆದು ಕೊನೆಯ ಹಸಿರು ತೊಟ್ಟಿಯ ಮುಂದೆ ನಿಂತ. ಪಾಪ, ಬದುಕಿರೋದರಲ್ಲೇ ನೋಡೋಣ, ಅನ್ಯಾಯ ಮಾಡ್ದೆ ಅನ್ನಬಾರದು ಅಂದ. ಮಂಚಮ್ಮ ಏನೋ ಹೇಳಲು ಬಾಯಿ ತೆರೆದಳು, ಅರುಂಧತಿ ಅವಳ ತೋಳು ಹಿಡಿದಳು. ಚಲುವರಾಜು ಟಾರ್ಪಾಲು ಸರಿಸಿ ಗಿಡವನ್ನು ಬುಡಸಮೇತ ಎತ್ತಿದ. ದಟ್ಟ ಬೇರು, ಅದರ ನಡುವೆ ನಾಲ್ಕು ಗೋಲಿಗಳು. ಒಂದು ಕಳಚಿ ಕೆಳಗೆ ಬಿದ್ದು ಅಧಿಕಾರಿಯ ಚಪ್ಪಲಿಯ ತನಕ ಉರುಳಿತು.

ಜನ ನಕ್ಕರು. ಮಕ್ಕಳು ಗೋಲಿ ಆಡುವ ಹಾಗೆ ಬೆರಳು ಚಿಮ್ಮಿ ತೋರಿಸಿದರು. ಆಯ್ತಲ್ಲ ಸಾರ್, ಬರಕೊಳ್ಳಿ ಅಂದ ಚಲುವರಾಜು.

ಆಗ ಮರಿಸಿದ್ದಯ್ಯ ಜನರನ್ನು ಸರಿಸಿಕೊಂಡು ಮುಂದೆ ಬಂದ. "ಅದು ನನ್ ತೊಟ್ಟಿ ಗೌಡ್ರೆ. ನಮ್ ಗದ್ದೇಲಿ ಆಕ್ದಂಗೆ ಯೂರಿಯಾ ಆಕಿ ಬೆಳೆಸ್ದೋನು ನಾನು. ಸೊಪ್ಪು ಬತ್ತು, ಗೆಡ್ಡೆ ಬರ್ನಿಲ್ಲ. ನನ್ ಸೊಸೆ ಮೊದ್ಲೇ ಅಂದಿದ್ಲು."

"ಯಾವ್ ನಿನ್ ಗದ್ದೆಲಾ ಮರಿಸಿದ್ದ" ಅಂದ ಚಲುವರಾಜು ನಗುತ್ತ. ಮತ್ತೆ ಒಂದು ನಗೆ ಎದ್ದಿತು. ಈ ಸಲ ಎಲ್ಲರೂ ನಗಲಿಲ್ಲ.

ಮರಿಸಿದ್ದಯ್ಯ ಪಕ್ಕದ ತೊಟ್ಟಿಗೆ, ಎಲೆಯೆಲ್ಲ ಒಣಗಿ ಬಾಗಿದ್ದ ಗಿಡದ ಬಳಿಗೆ ಹೋಗಿ ಕೂತು, ಟಾರ್ಪಾಲು ಎತ್ತಿ, ಎರಡೂ ಕೈಗಳನ್ನು ನಾರಿನೊಳಗೆ ಇಳಿಸಿದ. ಐವತ್ತು ವರ್ಷ ಮಣ್ಣಲ್ಲಿ ಆಡಿದ ಕೈ, ಹುಡುಕುವುದು ಅದಕ್ಕೆ ಗೊತ್ತಿತ್ತು. ಮೊದಲು ಒಂದು ಬಂತು, ಅವನ ಮುಷ್ಟಿಯಷ್ಟೇ ದಪ್ಪ, ತೊಳೆದ ಹಾಗೆ ಬೆಳ್ಳಗೆ. ಆಮೇಲೆ ಇನ್ನೊಂದು, ಆಮೇಲೆ ಮೂರು ಒಟ್ಟಿಗೆ. ಅವನು ಒಂದೊಂದನ್ನೇ ತನ್ನ ಟವಲಿನ ಮೇಲೆ ಸಾಲಾಗಿ ಇಟ್ಟ. ಒಂದೇ ಗಿಡದ ಬುಡದಲ್ಲಿ ಒಂಬತ್ತು. ಹೆಂಗಸರು ಕಾಯಲಿಲ್ಲ, ತಮ್ಮ ತಮ್ಮ ತೊಟ್ಟಿಗೆ ಬಿದ್ದರು. ಎಲ್ಲದರಲ್ಲೂ ಅಷ್ಟೇ ಇರಲಿಲ್ಲ, ಎರಡರಲ್ಲಿ ಸಣ್ಣವೇ ಸಿಕ್ಕವು, ಒಂದರಲ್ಲಿ ನೀರು ನಿಂತು ಕೊಳೆತಿದ್ದವು. ಆದರೂ ಸ್ವಲ್ಪ ಹೊತ್ತಿಗೆ ಮಹಡಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ.

ಚಲುವರಾಜು ಒಂದು ಗೆಡ್ಡೆ ಎತ್ತಿ ಕೈಯಲ್ಲಿ ತೂಗಿ ನೋಡಿದ. ಮುಷ್ಟಿ ಮುಚ್ಚಲು ನೋಡಿದ, ಮುಚ್ಚಲಿಲ್ಲ. ಕೊಟ್ಟ ಮಾತು ತಪ್ಪುವವನಲ್ಲ ಅವನು. "ಸರಿ ಬುಡಿ, ಮಹಡಿ ನಿಮ್ದೇಯ" ಅಂದ. ಅಷ್ಟಕ್ಕೇ ನಿಲ್ಲಿಸದೆ, "ಮಣ್ಣಿಲ್ಲದೋರ್ಗೆ ಇದೇ ಸರಿಯಾಗದೆ" ಅಂತ ಸೇರಿಸಿದ.

ಅಧಿಕಾರಿ ಪುಸ್ತಕದಲ್ಲಿ ಬರೆದುಕೊಂಡರು. ಮಹಡಿ ಸಂಘದವರಿಗೆ ಅಂತ ಓದಿ ಹೇಳಿದರು. ಆಮೇಲೆ ಪ್ರತಿ ಸಭೆಯ ಕೊನೆಯಲ್ಲಿ ಹೇಳುವ ಹಾಗೆ, ಪೆನ್ನು ಜೇಬಿಗೆ ಸಿಕ್ಕಿಸುತ್ತ, "ಯಾರಾದ್ರೂ ಏನಾದ್ರೂ ಕೇಳೋದಿದ್ಯಾ" ಅಂದರು.

ಅರುಂಧತಿಯ ಸೊಂಟದ ಹತ್ತಿರದಿಂದ ಒಂದು ಕೈ ಮೇಲೆದ್ದಿತು. ನಾರಿನ ಪುಡಿ ಮೆತ್ತಿದ ಪುಟ್ಟ ಕೈ.

ಚಲುವರಾಜು ಅದನ್ನು ನೋಡಿದ. ಮರಿಸಿದ್ದಯ್ಯ ನೋಡಿದ, ಬೇಡ ಅನ್ನುವ ಹಾಗೆ ತಲೆ ಅಲುಗಿಸಿದ. ಇಂಥ ಹೊತ್ತಿನಲ್ಲಿ ಮಕ್ಕಳ ಕೈ ಹಿಡಿದು ಇಳಿಸುವುದು ಸುಲಭ. ಆಮೇಲೆ ಕೇಳು ಮಗ ಅಂದರೆ ಮುಗಿಯಿತು. ಅರುಂಧತಿ ಮಗಳ ಬೆನ್ನಿನ ಮೇಲೆ ಅಂಗೈ ಇಟ್ಟಳು.

"ಈಗಲೇ ಕೇಳು" ಅಂದಳು.

ಸಂಘಮಿತ್ರ ಎತ್ತಿದ ಕೈಯನ್ನು ಹಾಗೇ ಚಾಚಿ ನಾಲೆಯ ಕಡೆ ತೋರಿಸಿದಳು.

"ಸಾರ್, ಅಲ್ಲಿ ಕಾಣ್ತದಲ್ಲ, ನಾಲೆ ಪಕ್ಕದ ಗದ್ದೆ. ಅದಕ್ಕೆ ನಮ್ಮ ತಾತ ಐವತ್ತು ವರ್ಷ ಗೊಬ್ಬರ ಹಾಕಿದಾರೆ. ನೀರು ಕಟ್ಟಿದಾರೆ. ನಮ್ ಗದ್ದೆ ಅಂತಾರೆ. ಅದು ಯಾಕೆ ನಮ್ಮದಲ್ಲ?"